ಬೋರ್ಡ್ ಬದಲಿಸೋ ಮುಂಚೆ ಕವರ್ ಬಿಚ್ಚಿ ನೋಡಿ

ಪೆನ್ ಇರುವ ದೊಡ್ಡ ಫೋನ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಕೊನೆತನಕ ಓದಿ. 18,500 ರೂಪಾಯಿ ಸುಮ್ನೆ ಕೈಬಿಟ್ಟು ಹೋಗುವುದರಲ್ಲಿತ್ತು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಅದನ್ನೂ ಹೇಳುತ್ತೇನೆ.

ನಾನು ಪುಸ್ತಕಗಳ ಪ್ರೂಫ್ ನೋಡುವವಳು. ಮೊದಲು ಪ್ರಕಾಶಕರು ಕಾಗದದ ಮೇಲೆ ಪ್ರಿಂಟ್ ಹಾಕಿ ಕೊಡುತ್ತಿದ್ದರು. ಈಗ ಎಲ್ಲರೂ ಪಿಡಿಎಫ್ ಕಳಿಸುತ್ತಾರೆ. ಎರಡು ವರ್ಷದ ಹಿಂದೆ ಕಂತು ಕಟ್ಟಿ ಈ ಫೋನ್ ಕೊಂಡೆ. ಹನುಮಂತನಗರದಿಂದ ಬಸ್ ಹತ್ತಿ, ಕಿಟಕಿ ಪಕ್ಕ ಸೀಟು ಸಿಕ್ಕರೆ ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಆರೇಳು ಪುಟ ಮುಗಿಯುತ್ತದೆ. ಟ್ರಾಫಿಕ್ ಇದ್ದರೆ ಹತ್ತು ಪುಟ.

ಕನ್ನಡದ ಪ್ರೂಫಿಗೆ ಬೆರಳು ಸಾಲದು. ‘ಭಾಗ’ ಎಂದಿರಬೇಕಾದಲ್ಲಿ ‘ಬಾಗ’ ಎಂದಿರುತ್ತದೆ. ಪುಟವನ್ನು ದೊಡ್ಡದು ಮಾಡಿ, ಬಕಾರದ ಹೊಟ್ಟೆ ಸೀಳಬೇಕು. ಅಕ್ಷರದ ಅಡಿಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಒಂದು ಗೀಟು. ‘ಶ್ರೇಷ್ಟ’ ಎಂದಿದ್ದರೆ ಕೆಳಗಿನ ಒತ್ತು ಬದಲಾಗಬೇಕು, ಅದನ್ನು ಸುತ್ತಿ ಪಕ್ಕದಲ್ಲಿ ‘ಠ’ ಬರೆಯಬೇಕು. ಬೆರಳಲ್ಲಿ ಸುತ್ತಿದರೆ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಅದರೊಳಗೆ ಬಂದುಬಿಡುತ್ತವೆ. ಪೆನ್ನಿನ ತುದಿ ಎಲ್ಲಿ ಇಡುತ್ತೇವೋ ಅಲ್ಲೇ ಕೂರುತ್ತದೆ.

ನಮ್ಮ ಅತ್ತೆಗೂ ಈ ಪೆನ್ ಅಂದರೆ ಇಷ್ಟ. ಅವರಿಗೆ ಕೀಬೋರ್ಡಿನಲ್ಲಿ ಒತ್ತಕ್ಷರ ಹುಡುಕುವುದು ಆಗುವುದಿಲ್ಲ. ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಕೈಬರಹ ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿ ಕೊಟ್ಟರೆ ‘ಕೊತ್ತಂಬರಿ, ಹುರಿಗಡಲೆ’ ಅಂತ ಸ್ಲೇಟಿನ ಮೇಲೆ ಬರೆದ ಹಾಗೆ ಬರೆಯುತ್ತಾರೆ. ಫೋನ್ ಅದನ್ನು ಅಚ್ಚಿನ ಅಕ್ಷರ ಮಾಡುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಹಾಕಿ ಕೊಡಿ. ಪೆನ್ ಇಲ್ಲದಿದ್ದರೂ ಬೆರಳಲ್ಲೇ ಬರೆಯಬಹುದು.

ಎರಡು ತಿಂಗಳ ಹಿಂದೆ ತೊಂದರೆ ಶುರುವಾಯಿತು. ಪರದೆಯ ಎಡಗಡೆ, ಕೆಳಗಿನಿಂದ ಸುಮಾರು ನಾಲ್ಕು ಬೆರಳು ಮೇಲೆ ಪೆನ್ ಮೂಡುತ್ತಲೇ ಇರಲಿಲ್ಲ. ಗೆರೆ ಅಲ್ಲಿಗೆ ಬಂದ ತಕ್ಷಣ ಸೊಟ್ಟಗಾಗಿ, ಮಾಯವಾಗಿ, ಒಂದು ಇಂಚು ಆಚೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಆದರೆ ಬೆರಳಿಟ್ಟರೆ ಅದೇ ಜಾಗ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇನ್ನೂ ವಿಚಿತ್ರ ಅಂದರೆ, ಮನೆಯಲ್ಲಿ ಮೇಜಿನ ಮೇಲಿಟ್ಟು ಬರೆದರೆ ಸರಿ, ಬಸ್ಸಿನಲ್ಲಿ ಹಾಳು. ಬಸ್ಸಿನ ಕುಲುಕಾಟಕ್ಕೆ ಒಳಗೆ ಏನೋ ಸಡಿಲವಾಗಿದೆ ಅಂದುಕೊಂಡೆ. ನಿಬ್ ಸವೆದಿರಬಹುದು ಅಂತ ಹೊಸ ನಿಬ್ ಹಾಕಿದೆ. ಅಪ್‌ಡೇಟ್ ಮಾಡಿದೆ. ಸೇಫ್ ಮೋಡ್‌ನಲ್ಲಿ ಆನ್ ಮಾಡಿ ನೋಡಿದೆ, ಅಂದರೆ ನಾವು ಹಾಕಿಕೊಂಡ ಆಪ್‌ಗಳೆಲ್ಲ ಸುಮ್ಮನಿದ್ದು ಫೋನ್ ಮಾತ್ರ ನಡೆಯುವ ಹಾಗೆ. ಏನೂ ಬದಲಾಗಲಿಲ್ಲ.

ವಾರಂಟಿ ಮುಗಿದಿತ್ತು. ಎಲ್ಲ ಕಂಪನಿಗಳ ಫೋನೂ ರಿಪೇರಿ ಮಾಡುವ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಹೆಸರು ಬೇಡ. ಎಸಿ, ಸೋಫಾ, ಟೋಕನ್ ಎಲ್ಲ ಇತ್ತು. ಕೌಂಟರಿನಲ್ಲಿದ್ದ ಹುಡುಗ ಕವರ್ ಸಮೇತ ಫೋನ್ ಹಿಡಿದುಕೊಂಡು ಎರಡು ಗೆರೆ ಎಳೆದರು. “ಪೆನ್ನಲ್ಲಿ ಚಾರ್ಜ್ ಇಲ್ಲ ಮೇಡಂ” ಅಂದರು. ಪೆನ್ ಒಳಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೂ ಹಾಗೇ ಇತ್ತು. ಒಳಗೆ ಹೋಗಿ ಬಂದು, “ಡಿಸ್‌ಪ್ಲೇ, ಬೋರ್ಡು ಎರಡೂ ಬದಲಾಯಿಸಬೇಕು, 18,500 ಆಗುತ್ತೆ, ಫೋನಲ್ಲಿರೋದು ಅಳಿಸಿಹೋಗಬಹುದು, ಇಲ್ಲಿ ಸಹಿ ಹಾಕಿ” ಅಂದರು. ಫೋನನ್ನು ಬಿಚ್ಚಿಯೂ ಇರಲಿಲ್ಲ. ಏನು ಪರೀಕ್ಷೆ ಮಾಡಿದಿರಿ ಅಂತ ಕೇಳಿದೆ. “ಪೆನ್ ಪ್ರಾಬ್ಲಂ ಅಂದ್ರೆ ಅದೇ ಮೇಡಂ” ಅಂದರು.

ಅದರಲ್ಲಿ ಅರ್ಧ ತಿದ್ದಿದ ಒಂದು ಕಾದಂಬರಿ ಇತ್ತು. ನೋಟ್ಸ್ ಆಪ್‌ನಲ್ಲಿ ಅತ್ತೆಯ ಕೈಬರಹ ಇತ್ತು. ಸಹಿ ಹಾಕದೆ ಎದ್ದು ಬಂದೆ. (ಕೈಬರಹದ ಟಿಪ್ಪಣಿಗಳು ಫೋಟೋಗಳ ಬ್ಯಾಕಪ್‌ನಲ್ಲಿ ತಾವಾಗಿಯೇ ಸೇರುವುದಿಲ್ಲ. ಅವನ್ನು ಬೇರೆಯಾಗಿ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಇದು ನನಗೆ ಅವತ್ತೇ ಗೊತ್ತಾಗಿದ್ದು.)

ಮಾರನೇ ದಿನ ಮಾರ್ಕೆಟ್‌ನಲ್ಲಿ ಬಸ್ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಎಸ್‌ಪಿ ರಸ್ತೆಗೆ ನಡೆದೆ. ಒಂದು ಸಂದಿಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದಂಥ ಅಂಗಡಿ. ಅಲ್ಲಿದ್ದ ರಿಪೇರಿಯವರಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಫೋನ್ ಕೈಗೆ ತಗೊಳ್ಳುವ ಮುಂಚೆಯೇ ಕೇಳಿದರು:

“ಯಾವಾಗಿಂದ ಹಿಂಗಾಗ್ತಿದೆ ಮೇಡಂ? ಅದಕ್ಕೆ ಮುಂಚೆ ಹೊಸದೇನಾದ್ರೂ ಹಾಕ್ಸಿದ್ರಾ?”

“ಇಲ್ಲಪ್ಪ, ಏನೂ ಇಲ್ಲ. ಕವರ್ ಒಂದು ಬದಲಾಯಿಸಿದ್ದೆ ಅಷ್ಟೇ.”

ಅವರು ಮಾತಾಡಲಿಲ್ಲ. ಪರ್ಸಿನ ಹಾಗೆ ಮಡಚುವ ಕವರ್ ಅದು, ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ತಗೊಂಡಿದ್ದೆ. ಮೇಜಿನ ಮೇಲೆ ಬಿದ್ದಿದ್ದ ಒಂದು ಪುಟ್ಟ ಸ್ಕ್ರೂ ಎತ್ತಿ, ಕವರಿನ ಪಟ್ಟಿ ಮುಚ್ಚಿಕೊಳ್ಳುವ ಜಾಗದ ಹತ್ತಿರ ಹಿಡಿದರು. ಟಕ್ ಅಂತ ಅಂಟಿಕೊಂಡಿತು. ಮ್ಯಾಗ್ನೆಟ್. ಆಮೇಲೆ ಕವರ್ ಪೂರ್ತಿ ಬಿಚ್ಚಿ, ನೋಟ್ಸ್ ತೆಗೆದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಒತ್ತೊತ್ತಾಗಿ ಗೆರೆ ಎಳೆದರು, ಹೊಲ ಉತ್ತ ಹಾಗೆ. ಒಂದು ಗೆರೆಯೂ ಮುರಿಯಲಿಲ್ಲ. ಕವರ್ ಮತ್ತೆ ಹಾಕಿ, ಮುಚ್ಚಳ ಹಿಂದಕ್ಕೆ ಮಡಚಿ ಎಳೆದರು. ಅದೇ ಜಾಗದಲ್ಲಿ ಗೆರೆ ಮಾಯ. ಮುಚ್ಚಳ ಬಿಡಿಸಿದರು, ಸರಿ. ಮಡಚಿದರು, ಮಾಯ.

ಮನೆಯಲ್ಲಿ ಮುಚ್ಚಳ ಬಿಡಿಸಿ ಮೇಜಿನ ಮೇಲಿಡುತ್ತಿದ್ದೆ. ಬಸ್ಸಿನಲ್ಲಿ ಹಿಂದಕ್ಕೆ ಮಡಚಿ ಹಿಡಿಯುತ್ತಿದ್ದೆ. ಬಸ್ಸಿನ ಕುಲುಕಾಟ ಕಾರಣವೇ ಅಲ್ಲ.

ಇದು ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಪರದೆಯ ಹಿಂದೆ ತೆಳುವಾದ ಒಂದು ಹಾಳೆ ಇರುತ್ತದೆ, ಅದರ ತುಂಬ ಸಣ್ಣ ಸುರುಳಿಗಳು. ಬೆರಳನ್ನು ಗುರುತಿಸುವ ಪದರ ಬೇರೆ, ಪೆನ್ನನ್ನು ಗುರುತಿಸುವ ಈ ಹಾಳೆ ಬೇರೆ. ಹಾಗಾಗಿಯೇ ಬೆರಳು ನಡೆದು ಪೆನ್ ನಡೆಯಲಿಲ್ಲ. ಹಾಳೆಯಿಂದ ಕಾಂತದ ಅಲೆ ಹೊರಡುತ್ತದೆ. ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ತಗೊಂಡು ವಾಪಸ್ ಉತ್ತರ ಕೊಡುತ್ತದೆ. ಎಲ್ಲಿದೆ, ಎಷ್ಟು ಒತ್ತಿದ್ದೀವಿ ಅನ್ನೋದು ಹಾಗೆ ಗೊತ್ತಾಗುತ್ತದೆ. ಬರೆಯುವುದಕ್ಕೆ ಪೆನ್ನಿನಲ್ಲಿ ಚಾರ್ಜೇ ಬೇಕಾಗಿಲ್ಲ. ಕೆಲವು ಪೆನ್ನುಗಳಲ್ಲಿ ದೂರದಿಂದ ಫೋಟೋ ಕ್ಲಿಕ್ ಮಾಡುವ ಬಟನ್ ಇರುತ್ತದೆ, ಚಾರ್ಜ್ ಬೇಕಾಗೋದು ಅದಕ್ಕೆ. ಇಂಥ ಕಡೆ ಬೇರೆ ಮ್ಯಾಗ್ನೆಟ್ ಬಂದು ಕೂತರೆ ಅಷ್ಟು ಜಾಗದಲ್ಲಿ ಲೆಕ್ಕ ತಪ್ಪುತ್ತದೆ. ತೆಗೆದರೆ ಸರಿಹೋಗುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಜಪಾನಿನ ವಾಕಾಮ್ ಕಂಪನಿ ಚಿತ್ರ ಬರೆಯುವವರ ಟ್ಯಾಬ್ಲೆಟ್‌ಗಳಲ್ಲಿ ಬಹಳ ಹಿಂದೆಯೇ ಇದನ್ನು ತಂದಿತ್ತು. 2011ರಲ್ಲಿ ಸ್ಯಾಮ್‌ಸಂಗ್ ಕಂಪನಿಯ 5.3 ಇಂಚಿನ ಗ್ಯಾಲಕ್ಸಿ ನೋಟ್ ಫೋನ್ ಬಂದಾಗ ಅದು ಜೇಬಿಗೆ ಬಂತು. ಅಷ್ಟು ದೊಡ್ಡ ಫೋನನ್ನು ಯಾರು ಹಿಡಿದುಕೊಂಡು ಓಡಾಡುತ್ತಾರೆ ಅಂತ ಆಗ ಕೇಳಿದವರು ಬಹಳ ಜನ. ಈಗ ಅದಕ್ಕಿಂತ ದೊಡ್ಡದು ಎಲ್ಲರ ಕೈಯಲ್ಲೂ ಇದೆ. ಇಷ್ಟು ವರ್ಷದ ಹಳೆಯ ವಿಷಯ ರಿಪೇರಿ ಮಾಡುವವರಿಗೆ ಗೊತ್ತಿರಬೇಕಲ್ವಾ?

ಈಗಂತೂ ಇದು ಇನ್ನೂ ಮುಖ್ಯ. 2020ರಲ್ಲಿ ಐಫೋನ್ 12 ಜೊತೆ ಮ್ಯಾಗ್‌ಸೇಫ್ ಬಂದಮೇಲೆ ಫೋನಿನ ಬೆನ್ನಿಗೆ ಮ್ಯಾಗ್ನೆಟ್ ಅಂಟಿಸುವುದು ಎಲ್ಲ ಕಡೆ ಶುರುವಾಯಿತು. ಕಾರಿನ ಸ್ಟ್ಯಾಂಡ್, ಬೆರಳಿಗೆ ಹಾಕುವ ರಿಂಗ್, ಅಂಟಿಸುವ ಪವರ್ ಬ್ಯಾಂಕ್, ಕಾರ್ಡ್ ಇಡುವ ಕವರ್, ಎಲ್ಲದರಲ್ಲೂ ಮ್ಯಾಗ್ನೆಟ್. ಪೆನ್ ಇರುವ ಫೋನಿಗೂ ಅದನ್ನೇ ಮಾರುತ್ತಾರೆ. ತಗೊಳ್ಳುವವರಿಗೆ ಯಾರೂ ಹೇಳುವುದಿಲ್ಲ.

ನಿಮ್ಮ ಪೆನ್ ಈ ಜಾತಿಯದ್ದಾ ಅಂತ ಅಂದಾಜು ಮಾಡುವುದು ಸುಲಭ. ತುದಿಯನ್ನು ಪರದೆಗೆ ಮುಟ್ಟಿಸದೆ ಸ್ವಲ್ಪ ಮೇಲೆ ಹಿಡಿಯಿರಿ. ಪೆನ್ನಿಗೆ ಚಾರ್ಜ್ ಇಲ್ಲದೆಯೂ ಪರದೆಯ ಮೇಲೆ ಒಂದು ಚುಕ್ಕಿ ಓಡಾಡಿದರೆ ಬಹುಮಟ್ಟಿಗೆ ಇದೇ ಜಾತಿ. ಬರೀ ಬೆರಳಿನ ಬದಲಿಗೆ ಬಳಸುವ ಮಾಮೂಲಿ ರಬ್ಬರ್ ತುದಿಯ ಪೆನ್ ಆದರೆ ಈ ಮ್ಯಾಗ್ನೆಟ್ ಕಥೆ ಅದಕ್ಕೆ ಅನ್ವಯಿಸುವುದಿಲ್ಲ. ಇನ್ನೊಂದು ಮಾತು. ಪೆನ್ ಇಡುವ ತೂತಿನಲ್ಲಿ ಧೂಳು ಸೇರಿದೆ ಅಂತ ಪಿನ್ನು, ಸೂಜಿ ಹಾಕಿ ಕೆದಕಬೇಡಿ. ಪೆನ್ ಒಳಗಿದೆಯೋ ಹೊರಗಿದೆಯೋ ಅಂತ ಗುರುತಿಸುವ ಭಾಗಕ್ಕೆ ಪೆಟ್ಟಾಗಬಹುದು.

ಎಸ್‌ಪಿ ರಸ್ತೆಯವರು ದುಡ್ಡು ತಗೊಳ್ಳಲಿಲ್ಲ. ಎಷ್ಟು ಹೇಳಿದರೂ ಬೇಡ ಅಂದರು. ಅವರ ಹತ್ತಿರವೇ ಮ್ಯಾಗ್ನೆಟ್ ಇಲ್ಲದ ಸಾದಾ ಕವರ್ ತಗೊಂಡೆ, 150 ರೂಪಾಯಿ.

ನನಗೆ ನೋವಾಗಿದ್ದು ಏನು ಅಂತ ಹೇಳುತ್ತೇನೆ ಅಂದಿದ್ದೆ. ಆ ದೊಡ್ಡ ಸೆಂಟರಿನಲ್ಲಿ ಯಾರಿಗೂ ನೋಡುವ ಮನಸ್ಸೇ ಇರಲಿಲ್ಲ. ಯಾವಾಗಿಂದ, ಏನು ಬದಲಾಯಿತು, ಎಲ್ಲಿ ಸರಿ ಇರುತ್ತೆ ಎಲ್ಲಿ ಕೆಡುತ್ತೆ, ಒಂದನ್ನೂ ಕೇಳಲಿಲ್ಲ. ನಾನು ಒಂದು ಪುಟ ಓದದೆ ‘ಇದರಲ್ಲಿ ತಪ್ಪಿದೆ, ಪುಸ್ತಕವನ್ನೇ ಮತ್ತೆ ಬರೆಯಿರಿ’ ಅಂತ ಹೇಳಿದರೆ ಯಾವ ಪ್ರಕಾಶಕರು ಒಪ್ಪುತ್ತಾರೆ? ಚೆನ್ನಾಗಿದ್ದ ಡಿಸ್‌ಪ್ಲೇ, ಚೆನ್ನಾಗಿದ್ದ ಬೋರ್ಡು ಕಿತ್ತು ಕಸಕ್ಕೆ ಹೋಗುತ್ತಿತ್ತು. ಹೊಸದು ಹಾಕಿ ಅದೇ ಕವರ್ ತೊಡಿಸಿ ಕೊಟ್ಟಿದ್ದರೆ ಮರುದಿನ ಬಸ್ಸಿನಲ್ಲಿ ಮತ್ತೆ ಅದೇ ಜಾಗ ಕೆಡುತ್ತಿತ್ತು.

ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲೇ ಸಮಿತಿ ಮಾಡಿತ್ತು. ಬಿಡಿಭಾಗ ಸಿಗಬೇಕು, ಮಾಹಿತಿ ಸಿಗಬೇಕು ಅನ್ನುವ ಮಾತು ಅಲ್ಲಿ ಬಂದಿದೆ. ಅದು ಬೇಕು. ಅದರ ಜೊತೆ ಏನು ಪರೀಕ್ಷೆ ಮಾಡಿ ಈ ತೀರ್ಮಾನಕ್ಕೆ ಬಂದಿರಿ ಅನ್ನೋದನ್ನು ಬರೆದು ಕೊಡುವ ಪದ್ಧತಿಯೂ ಬರಬೇಕು. ಡಾಕ್ಟರ ಚೀಟಿಯಲ್ಲಿ ಇರುವುದಿಲ್ಲವಾ, ಹಾಗೆ. ನಿಮಗೆ ಇಂಥದ್ದು ಆದರೆ ಬರೆದು ಕೊಡಿ ಅಂತ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕಳೆದ ಸೋಮವಾರ ಆ ಸೆಂಟರಿಗೆ ಮತ್ತೆ ಹೋಗಿದ್ದೆ. ಹಳೇ ಕವರ್ ಕೈಯಲ್ಲಿತ್ತು. ಮ್ಯಾನೇಜರ್ ಎದುರಿಗೇ ಮುಚ್ಚಳ ಮಡಚಿ, ಬಿಡಿಸಿ, ಗೆರೆ ಎಳೆದು ತೋರಿಸಿದೆ. ಪೆನ್ ದೂರು ಬಂದಾಗ ಕವರ್ ತೆಗೆದು ಪರೀಕ್ಷೆ ಮಾಡಿ, ಮಾಡಿದ್ದನ್ನು ಜಾಬ್ ಶೀಟಿನಲ್ಲಿ ಬರೆಯಿರಿ ಅಂತ ಅರ್ಧ ಪುಟದ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬಂದೆ. ಕೌಂಟರಿನ ಆ ಹುಡುಗ ಪಕ್ಕದಲ್ಲೇ ನಿಂತು ನೋಡಿದರು. ಕವರ್ ಇಸಕೊಂಡು ತಾವೇ ಒಮ್ಮೆ ಮಡಚಿ ಗೆರೆ ಎಳೆದರು. ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಹಾಕುತ್ತೇನೆ.