ಸರ್ಟಿಫಿಕೇಟು ಗೋಡೆ ಮೇಲೆ, ಹಾಲುತೊಂಡೆ ಹುಳುಮನೆ ಒಳಗೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನೋ ಗಾದೆಯನ್ನ ಮಕ್ಕಳ ವಿಚಾರಕ್ಕೆ ಹೇಳ್ತಾರೆ ಅಂತ ಶಾಲೇಲಿ ಓದಿದ್ದೆ. ನಮ್ಮ ಶಿಡ್ಲಘಟ್ಟದ ಕಡೆ ಮಾತ್ರ ನಲವತ್ತು ದಾಟಿದ ಗಂಡಸರು ತಮ್ಮ ಬಗ್ಗೆ ತಾವೇ ಹೇಳ್ಕೊಳ್ಳೋದನ್ನ ಕೇಳಿದ್ದೇ ಜಾಸ್ತಿ. ಬೀಡಿ ಬಿಡಿ ಅಂದ್ರೆ ಈ ಗಾದೆ. ಖರ್ಚಿನ ಲೆಕ್ಕ ಬರೆದಿಡಿ ಅಂದ್ರೆ ಈ ಗಾದೆ. ಹೆಂಡತಿ ಮೇಲೆ ರೇಗಬೇಡಿ ಅಂದ್ರೂ ಅದೇ. ಮಜಾ ಏನಂದ್ರೆ, ಇದೇ ಜನ ಹೊಸ ಫೋನು ಕೈಗೆ ಬಂದ ವಾರದೊಳಗೆ ರೀಲ್ಸು, ಫೋನ್‌ಪೇ, ವಾಟ್ಸಾಪ್ ಸ್ಟೇಟಸ್ಸು ಎಲ್ಲ ಕಲ್ತಿರ್ತಾರೆ. ಅಲ್ಲಿ ಮರ ಚೆನ್ನಾಗೇ ಬಗ್ಗುತ್ತೆ!

ಹಾಗಾಗಿ ವಯಸ್ಸಾಯ್ತು, ತಲೆಗೆ ಹತ್ತಲ್ಲ ಅನ್ನೋದನ್ನ ನಾನು ನಂಬಲ್ಲ. ಕಲ್ತಿದ್ದನ್ನ ಮಾರನೇ ದಿನ ನಾಲ್ಕು ಜನರ ಕಣ್ಣೆದುರು ಮಾಡೋಕೆ ನಮಗೆ ನಾಚಿಕೆ. ಮಾಡಿದ್ರೆ, ಇಷ್ಟು ವರ್ಷ ಮಾಡ್ತಿದ್ದದ್ದು ಸರಿ ಇರಲಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆಸಿದ ಹಾಗಾಗುತ್ತಲ್ಲ, ಅದು.

ಇದಕ್ಕೆ ರೇಷ್ಮೆ ಹುಳು ಸಾಕೋ ನಮ್ಮ ಹುಳುಮನೆಗಳೇ ಸಾಕ್ಷಿ. ರೇಷ್ಮೆ ಸಾಕೋರಿಗೆ ಹಾಲುತೊಂಡೆ ರೋಗದ ಬಗ್ಗೆ ಹೇಳೋದೇ ಬೇಡ. ಉಳಿದವರಿಗೆ ಹೇಳ್ತೀನಿ. ಹುಳು ಮೇವು ಬಿಟ್ಟು ಪೊರೆ ಕಳಚೋದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ಮೇಯುತ್ತೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆ ಕೊನೇ ಹಂತದ್ದೇ. ಸೊಪ್ಪು, ಕೂಲಿ, ಸಾಲ ಎಲ್ಲ ಸುರಿದಾಗಿದೆ, ಇನ್ನೇನು ಹುಳು ಹಣ್ಣಾಗುತ್ತೆ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು ಅನ್ನೋ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಹುಳು ಊದ್ಕೊಂಡು ಸೊಪ್ಪು ಬಿಟ್ಟು ಅಂಚಿನ ಕಡೆ ಹರಿದಾಡೋಕೆ ಶುರು ಮಾಡುತ್ತೆ. ಮುಟ್ಟಿದ್ರೆ ಚರ್ಮ ಒಡೆದು ಹಾಲಿನಂಥ ನೀರು. ವೈರಸ್ಸು ಇರೋದು ಅದರಲ್ಲೇ. ರೋಗ ತಗುಲಿದ ಹುಳುವಿಗೆ ಔಷಧಿ ಅಂತ ಇಲ್ಲ. ಬರದ ಹಾಗೆ ನೋಡ್ಕೋಬೇಕು ಅಷ್ಟೆ. ಬೆಳೆಗೆ ಮುಂಚೆ ಹುಳುಮನೆ, ತಟ್ಟೆ, ಚಂದ್ರಿಕೆ ಎಲ್ಲ ತೊಳೆದು ಸೋಂಕು ಕಳೀಬೇಕು. ಹೊರಗಿನ ಚಪ್ಪಲಿ ಹೊರಗೇ ಇರಬೇಕು. ಒಳಗೆ ಹೋಗೋ ಮೊದ್ಲು ಬ್ಲೀಚಿಂಗ್ ಪೌಡರ್ ನೀರಲ್ಲಿ ಕೈಕಾಲು ತೊಳೀಬೇಕು. ಹುಳು ಜ್ವರಕ್ಕೆ ಕೂತಾಗ ಸುಣ್ಣ ಎರಚಿ ಹಾಸು ಒಣಗಿಸಬೇಕು.

ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ನಮ್ಮೂರಿನ ಹಿರಿಯರೊಬ್ಬರಿಗಂತೂ ಇದೆಲ್ಲ ಬಾಯಿಪಾಠ. ಎಲ್ಲಿ ತರಬೇತಿ ಇದ್ರೂ ಮೊದಲ ಸಾಲಲ್ಲಿ ಅವರೇ. ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ತಗುಲಿಹಾಕಿದ್ದಾರೆ. ಆದ್ರೂ ಬೆಳೆ ಬಿಟ್ಟು ಬೆಳೆಗೆ ಹಾಲುತೊಂಡೆ. ಕೇಳಿದ್ರೆ "ಯಾರದೋ ಕಣ್ಣು ಬಿತ್ತಪ್ಪ" ಅಂತಾರೆ. ಹುಳುಮನೆ ಬಾಗಿಲ ಮೇಲೆ ಬೂದುಗುಂಬಳಕಾಯಿ ನೇತಾಡುತ್ತೆ, ಬಾಗಿಲ ಕೆಳಗೆ ಕಾಲು ತೊಳೆಯೋಕೆ ಒಂದು ಟಬ್ ಇಲ್ಲ.

ಅವರ ತಮ್ಮನ ಹೆಂಡತಿ ಒಂದು ತರಬೇತಿಗೂ ಹೋದವರಲ್ಲ. ಹಸು ಕರೆಯೋರು ಯಾರು, ಸೊಪ್ಪು ಕೊಯ್ಯೋರು ಯಾರು? ಚಾಕಿ ಹುಳು, ಅಂದ್ರೆ ಮರಿ ಹುಳು, ತಂದುಕೊಟ್ಟ ಹುಡುಗ, ಅವರ ಮಗನಿಗಿಂತ ಚಿಕ್ಕವನು, ಹೋಗ್ತಾ ಹೋಗ್ತಾ ಹೇಳಿದ ಮಾತು ಕೇಳ್ಕೊಂಡು ಮಾರನೇ ಬೆಳಿಗ್ಗೆಯೇ ಬಾಗಿಲಿಗೆ ಒಂದು ನೀಲಿ ಟಬ್ ಇಟ್ರು. ಬಂದವರೆಲ್ಲ ನಕ್ಕರು. "ಏನಕ್ಕಾ, ಹುಳುಮನೇನ ಆಸ್ಪತ್ರೆ ಮಾಡ್ಬಿಟ್ಟೆ?" ಅಂತ. ನಗೋರು ನಗಲಿ. ಕಷ್ಟ ಬಂದದ್ದು ಭಾವ ಬಂದಾಗ. ನಾನು ಜಗಲಿ ಮೇಲೆ ಕೂತಿದ್ದೆ. ಅವರು ಎಂದಿನ ಹಾಗೆ ಸೀದಾ ಒಳಗೆ ಹೊರಟರು. ಈಯಮ್ಮ ಸೆರಗು ಸರಿ ಮಾಡ್ಕೊಂಡು, ತಲೆ ತಗ್ಗಿಸಿಕೊಂಡೇ, "ಭಾವಾ, ಒಸಿ ಕಾಲು ತೊಳ್ಕೊಂಡು ಬನ್ನಿ" ಅಂದ್ರು. ಗಂಡನ ಅಣ್ಣನಿಗೆ! ಅವರು ತಿರುಗಿ ಹೋದವರು ಆ ಬೆಳೆ ಗೂಡಾಗೋವರೆಗೂ ಅತ್ತ ಸುಳೀಲಿಲ್ಲ. ಟಬ್ ಮಾತ್ರ ಅಲ್ಲೇ ಇತ್ತು.

ರೋಗ ಪೂರ್ತಿ ಹೋಯ್ತು ಅಂತ ನಾನು ಹೇಳ್ತಿಲ್ಲ. ಬೆಳೆ ನಿಲ್ತಾ ಇದೆ, ಅಷ್ಟಂತೂ ನಿಜ. ಈಚೆಗೆ ಗೂಡು ಮಾರ್ಕೆಟ್ಟಿಂದ ಬರೋ ದುಡ್ಡಿನ ಮೆಸೇಜನ್ನ ಆಯಮ್ಮನೇ ಓದ್ತಾರೆ, ಮಗನ ಕೈಗೆ ಫೋನು ಕೊಡಲ್ಲ.

ನಮ್ಮ ಜಿಲ್ಲೆಯವರೇ ಆದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಮಾತು ಬಂದಾಗ ಎಲ್ಲರೂ ಹೇಳೋದು ಒಂದೇ ಕಥೆ: ಗೌರಿಬಿದನೂರಿನ ಹೊಸೂರಿಂದ ಬಡ ಹುಡುಗ ಓದೋಕೆ ಬೆಂಗಳೂರಿಗೆ ನಡ್ಕೊಂಡೇ ಹೋದ್ರು ಅಂತ. ದೊಡ್ಡ ಮಾತೇ. ಆದ್ರೆ ನನಗೆ ಇನ್ನೂ ದೊಡ್ಡದು ಅನ್ಸೋದು ಆಮೇಲಿನದು. 1946ರಿಂದ ನ್ಯಾಷನಲ್ ಕಾಲೇಜಲ್ಲಿ ಭೌತಶಾಸ್ತ್ರ ಪಾಠ ಹೇಳ್ತಿದ್ದ ಮೇಷ್ಟ್ರು, ಮೂವತ್ತೈದು ದಾಟಿದ ಮೇಲೆ ಅಮೆರಿಕದ ಓಹಾಯೊಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತ್ರು. 1960ರಲ್ಲಿ ಪಿಎಚ್‌ಡಿ ಮುಗಿಸಿದ್ರು. ಹೊಟ್ಟೆಗಿಲ್ಲದ ಹುಡುಗ ನಡೀತಾನೆ, ಅವನಿಗೆ ಬೇರೆ ದಾರಿ ಇಲ್ಲ. ಕೂತಲ್ಲೇ ನಮಸ್ಕಾರ ಸಿಗೋ ಮನುಷ್ಯ ಎದ್ದು ಹೋಗಿ ಬೆಂಚಿನ ಮೇಲೆ ಕೂರೋದಿದೆಯಲ್ಲ, ಅದಕ್ಕೆ ಬೇರೆ ಗುಂಡಿಗೆ ಬೇಕು.

ಹಾಗಂತ "ಮನಸ್ಸು ಮಾಡಿದ್ರೆ ಎಲ್ಲ ಸಾಧ್ಯ" ಅಂತ ಮೈಕ್ ಹಿಡಿದು ಕಿರುಚೋರ ಗುಂಪಿಗೆ ನನ್ನ ಸೇರಿಸ್ಬೇಡಿ. ಸಾವಿರ ಅಡಿ ಕೊರೆದ ಬೋರ್‌ವೆಲ್ಲಲ್ಲಿ ಬರೀ ಧೂಳು ಬಂದ್ರೆ ಯಾರ ಮನಸ್ಸೂ ನೀರು ತರಲ್ಲ. ಗೂಡಿನ ರೇಟು ಬಿದ್ದಾಗ ರೈತನಿಗೆ ಉತ್ಸಾಹ ಸಾಲದು ಅಂತ ಭಾಷಣ ಮಾಡೋದು ಪಾಪದ ಕೆಲಸ. ನಾನು ಹೇಳ್ತಿರೋದು ಟಬ್‌ನಂಥವುಗಳ ಬಗ್ಗೆ. ದುಡ್ಡು ಹೆಚ್ಚು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ, ಸ್ವಲ್ಪ ಮರ್ಯಾದೆ ಹೋದಂಗೆ ಅನ್ಸುತ್ತೆ ಅಷ್ಟೆ.

ತರಬೇತಿ ಕೊಡೋ ಸಾಹೇಬರಿಗೂ ಒಂದು ಮಾತು. ಊಟ, ಫೋಟೊ, ಸರ್ಟಿಫಿಕೇಟು ಎಲ್ಲ ಇರಲಿ, ಬೇಡ ಅನ್ನಲ್ಲ. ಒಂದು ಬೆಳೆ ಕಳೆದ ಮೇಲೆ ಹೇಳದೆ ಕೇಳದೆ ಹುಳುಮನೆ ಬಾಗಿಲಿಗೆ ಬಂದು ನೋಡಿ. ಮುಂದಿನ ಸಲ ಪಟ್ಟಿ ಮಾಡೋವಾಗ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡಿ ಕರೀಬೇಡಿ. ರಾತ್ರಿ ಹತ್ತು ಗಂಟೆಗೆ ಎದ್ದು ಹುಳುವಿಗೆ ಸೊಪ್ಪು ಹಾಕೋರು ಯಾರು ಅಂತ ಕೇಳಿ, ಅವರನ್ನ ಕರೀರಿ.