ಕೆಂಪಾಗಿರುವುದು ಕಿವಿ, ಎಲ್ಲರೂ ನೋಡುವುದು ಕಿವಿಯ ತೂತು

ನಿನ್ನೆ ಮತ್ತೆ ಶುರುವಾಯಿತು. ಮೀಟಿಂಗ್ ನಡುವೆ ಎಡಗಿವಿ ಇದ್ದಕ್ಕಿದ್ದಂತೆ ಬಿಸಿಯಾಯಿತು, ಐದೇ ನಿಮಿಷದಲ್ಲಿ ಕೆಂಡ. ಬಲಗಿವಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ತಣ್ಣಗಿತ್ತು. ಎದುರಿಗಿದ್ದವರು ನಕ್ಕು, "ಏನ್ರೀ, ನಾಚಿಕೆನಾ, ಸಿಟ್ಟಾ?" ಅಂದರು. ನಾಚಿಕೊಂಡರೆ ಸಾಮಾನ್ಯವಾಗಿ ಮುಖದ ಜೊತೆ ಎರಡೂ ಕಿವಿ ಕೆಂಪಾಗುತ್ತವೆ ಸ್ವಾಮಿ. ಒಂದೇ ಕಿವಿ ಎಲ್ಲಾದರೂ ನಾಚಿಕೊಳ್ಳುತ್ತಾ?

ಇವರದ್ದು ಹೋಗಲಿ. ನನಗೆ ಮೈ ಉರಿಯೋದು ಡಾಕ್ಟರುಗಳ ಮೇಲೆ. ಮೂರು ಜನರಿಗೆ ತೋರಿಸಿದೆ. ನಾನು ಹೋಗುವಷ್ಟರಲ್ಲಿ ಕಿವಿ ಸಾಧುವಾಗಿರುತ್ತಿತ್ತು, ಅದು ಅವರ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಮೂವರೂ ಮಾಡಿದ್ದು ಒಂದೇ ಕೆಲಸ. ತೂತಿನೊಳಗೆ ಲೈಟ್ ಬಿಟ್ಟು, "ತಮಟೆ ಚೆನ್ನಾಗಿದೆ, ಏನೂ ಇಲ್ಲ" ಅಂದರು. ಒಳಗೆ ತೊಂದರೆ ಅಂತ ನಾನೆಲ್ಲಿ ಹೇಳಿದೆ? ಒಬ್ಬರಂತೂ ಡ್ರಾಪ್ಸ್ ಬರೆದುಕೊಟ್ಟರು. ಉರಿ ಹೊರಗೆ, ಔಷಧಿ ಒಳಗೆ!

ನಾಲ್ಕನೆಯವರು ಮೊದಲು ಕೇಳಿದ್ದೇ "ಫೋಟೊ ಇದೆಯಾ?" ಅಂತ. ನೋಡಿದರು. ಓಲೆ ಹಾಕುವ ಮೆತ್ತನೆ ಜಾಗವನ್ನು ಎರಡು ಬೆರಳಲ್ಲಿ ಹಿಡಿದು, "ಇದೂ ಕೆಂಪಾಗುತ್ತಾ?" ಅಂದರು. ಅಲ್ಲಿ ಕಾರ್ಟಿಲೇಜ್, ಅಂದರೆ ಕಿವಿಗೆ ಆಕಾರ ಕೊಡೋ ಮೃದು ಎಲುಬು, ಇರಲ್ಲವಂತೆ. ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸಿಕೊಂಡು ಕಾರ್ಟಿಲೇಜಿನ ಸುತ್ತ ಸೋಂಕಾದರೆ, ಅಥವಾ ದೇಹವೇ ತನ್ನ ಕಾರ್ಟಿಲೇಜಿನ ಮೇಲೆ ತಿರುಗಿಬಿದ್ದರೆ, ಮೇಲೆಲ್ಲ ಊದಿ ಕೆಂಪಾದರೂ ಈ ಜಾಗ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಚರ್ಮದ ಸೋಂಕಾದರೆ ಇದನ್ನೂ ಬಿಡುವುದಿಲ್ಲ. ಕೂದಲಿನ ಡೈ ಅಥವಾ ನಿಕ್ಕಲ್ ಓಲೆಯ ಅಲರ್ಜಿಯಾದರೆ ತುರಿಕೆ ಜಾಸ್ತಿ. ಸಣ್ಣ ಗುಳ್ಳೆ ಎದ್ದು ಮುಖ ಒಂದು ಕಡೆ ವಾಲಿದರೆ, ಅಥವಾ ಕಿವಿಯ ಹಿಂದೆ ಊದಿಕೊಂಡು ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಓಡಬೇಕು.

ನನಗೆ ಇದ್ಯಾವುದೂ ಇಲ್ಲ. "ಅರ್ಧತಲೆನೋವು ಇದೆಯಾ?" ಅಂದರು. ಇದೆ, ವರ್ಷಗಳಿಂದ! ಕತ್ತು ತಿರುಗಿಸಿದಾಗ, ಅಗಿಯುವಾಗ, ಕೂದಲು ಬಾಚುವಾಗ, ಬಿಸಿಲು ತಾಗಿದಾಗ ಬರುತ್ತಾ ಅಂತ ಒಂದೊಂದಾಗಿ ಕೇಳಿದರು. ಬಾಚಣಿಗೆ ತಾಗಿದರೆ ಸಾಕು, ಹತ್ತಿಕೊಳ್ಳುತ್ತದೆ. ಇದಕ್ಕೆ ರೆಡ್ ಇಯರ್ ಸಿಂಡ್ರೋಮ್ ಅನ್ನೋ ಹೆಸರಿದೆಯಂತೆ. ಆಸ್ಟ್ರೇಲಿಯಾದ ನರರೋಗ ತಜ್ಞ ಜೇಮ್ಸ್ ಲ್ಯಾನ್ಸ್ 1994ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪತ್ತೆ ಹಚ್ಚೋಕೆ ಇದಕ್ಕೇ ಅಂತ ರಕ್ತ ಪರೀಕ್ಷೆ ಇಲ್ಲ, ರೋಗಿಯನ್ನು ಕೇಳಿಯೇ ತಿಳಿಯಬೇಕು.

ಕೇಳೋಕೆ ಹಿಡಿದದ್ದು ಹತ್ತು ನಿಮಿಷ. ಉಳಿದ ಮೂವರಿಗೆ ಆ ಹತ್ತು ನಿಮಿಷ ಇರಲಿಲ್ವಾ? ಅರ್ಧತಲೆನೋವಿನ ವಿಷಯ ನಾನು ಅವರಿಗೂ ಹೇಳಿದ್ದೆ. "ಅದು ಬೇರೆ, ಕಿವಿ ಬೇರೆ" ಅಂದಿದ್ದರು.

ಈಗ ನನ್ನ ಮೊಬೈಲಿನಲ್ಲಿ ನನ್ನ ಮುಖಕ್ಕಿಂತ ಎಡಗಿವಿಯ ಫೋಟೊಗಳೇ ಜಾಸ್ತಿ. ಆ ಡ್ರಾಪ್ಸ್ ಬಾಟಲಿ ಸೀಲ್ ಕೂಡ ಒಡೆಯದೆ ಕಪಾಟಿನಲ್ಲಿ ಬಿದ್ದಿದೆ.