ಒಮ್ಮೆ ಸೋಲಿಸಿದವರನ್ನೇ ಮತ್ತೆ ಸೋಲಿಸಬೇಕಿತ್ತಂತೆ

ಲೂಸಿಯಾನಾದಲ್ಲಿ ಓದಿದ್ದಕ್ಕೆ ನನಗೆ ಅಂಟಿಕೊಂಡ ಹುಚ್ಚು ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್. ಆ ಹುಚ್ಚು ಇರುವ ಯಾರನ್ನೇ ಮಾತಿಗೆಳೆಯಿರಿ, ಸುತ್ತಿ ಬಳಸಿ 2012ರ ಜನವರಿ 9ಕ್ಕೇ ಬರುತ್ತಾರೆ. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಸ್ಟೇಡಿಯಂನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಫೈನಲ್. ಎದುರಿಗೆ ಬದ್ಧವೈರಿ ಅಲಬಾಮಾ. ಅವರು 21, ನಾವು ಸೊನ್ನೆ.

ಇದೇ ಅಲಬಾಮಾವನ್ನು ಅದರ ಹಿಂದಿನ ನವೆಂಬರ್ 5ರಂದು, ಅವರ ಊರು ಟಸ್ಕಲೂಸಾದಲ್ಲೇ, ನಾವು 9-6ರಿಂದ ಸೋಲಿಸಿದ್ದೆವು. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನ್ ಒಂದೇ ಒಂದೂ ಇಲ್ಲದ ಮ್ಯಾಚ್ ಅದು. ಬಂದದ್ದೆಲ್ಲ ಕಂಬಗಳ ನಡುವೆ ಒದ್ದ ಮೂರು ಮೂರು ಅಂಕ. ಅಲಬಾಮಾ ಅಂಥ ನಾಲ್ಕು ಒದೆತ ಕೈಚೆಲ್ಲಿತು. ಓವರ್‌ಟೈಮ್‌ನಲ್ಲಿ ನಾವು ಗೆದ್ದೆವು.

ಆಗ ಪ್ಲೇಆಫ್ ಇರಲಿಲ್ಲ. ತಂಡಗಳಿಗೆ ಮತ ಹಾಕಿ ಮಾಡಿದ ಎರಡು ರ‍್ಯಾಂಕಿಂಗ್, ಜೊತೆಗೆ ಕಂಪ್ಯೂಟರ್ ಲೆಕ್ಕ, ಎಲ್ಲ ಸೇರಿಸಿ ಮೊದಲ ಇಬ್ಬರನ್ನು ಫೈನಲ್‌ಗೆ ಕಳಿಸುತ್ತಿದ್ದರು. ಬಿಸಿಎಸ್ ಅಂತ ಅದರ ಹೆಸರು. ಎಲ್‌ಎಸ್‌ಯು ಅಟ್ಲಾಂಟಾಗೆ ಹೋಗಿ ಜಾರ್ಜಿಯಾವನ್ನು 42-10ರಿಂದ ಬಡಿದು, ನಾವೂ ಅಲಬಾಮಾವೂ ಆಡುವ ಎಸ್‌ಇಸಿ ಲೀಗ್‌ನ ಪ್ರಶಸ್ತಿ ತಂದಿತು. ಅಲಬಾಮಾ ಆ ವಾರ ಮನೆಯಲ್ಲಿತ್ತು. ಲೀಗ್‌ನಲ್ಲಿ ತನ್ನ ವಿಭಾಗವನ್ನೂ ಗೆದ್ದಿರಲಿಲ್ಲ. ಬಿಗ್ 12 ಅನ್ನೋ ಇನ್ನೊಂದು ಲೀಗ್ ಗೆದ್ದ ಒಕ್ಲಹೋಮಾ ಸ್ಟೇಟ್ ಕೂಡ ಸೋತಿದ್ದು ಒಂದೇ ಮ್ಯಾಚ್. ಆದರೂ ಕೂದಲೆಳೆ ಅಂತರದಲ್ಲಿ ಎರಡನೇ ಜಾಗ ಅಲಬಾಮಾಗೆ.

ಐಪಿಎಲ್‌ನಲ್ಲೂ ಹೀಗೇ ಅಲ್ವಾ ಅಂತ ಕೇಳಬೇಡಿ. 2025ರಲ್ಲಿ ಆರ್‌ಸಿಬಿ ಮೊದಲ ಕ್ವಾಲಿಫೈಯರ್‌ನಲ್ಲಿ ಪಂಜಾಬನ್ನು 101ಕ್ಕೆ ಮುಗಿಸಿತು, ಫೈನಲ್‌ನಲ್ಲಿ ಮತ್ತೆ ಪಂಜಾಬೇ ಎದುರಾಯಿತು, ನಿಜ. ಆದರೆ ಪಂಜಾಬ್ ನಡುವೆ ಮುಂಬೈಯನ್ನು ಸೋಲಿಸಿ ಬಂತು. ಅಲಬಾಮಾ ಯಾರನ್ನು ಸೋಲಿಸಿ ಬಂತು? ಫೈನಲ್‌ನಲ್ಲಿ ಗೆದ್ದ ಮೇಲೆ ಅವರಿಗೊಂದು, ನಮಗೊಂದು. ಕಪ್ ಮಾತ್ರ ಅವರಿಗೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ನಮ್ಮವರು ಈ ಅನ್ಯಾಯದ ಹಿಂದೆ ಅಡಗಿಕೊಂಡು ಕೂತಿರುವುದು ನನಗೆ ಸರಿ ಕಾಣುವುದಿಲ್ಲ. ಸೂಪರ್‌ಡೋಮ್ ಇರುವುದು ನಮ್ಮ ರಾಜ್ಯದಲ್ಲೇ. ಸ್ಟೇಡಿಯಂ ಹೊರಗೆ ನಮ್ಮೂರ ಸಾರು ಗಂಬೋ ಕುದಿಸುತ್ತಾ, ಅಲಬಾಮಾದ ಕೆಂಪಂಗಿಯವರು ಎದುರಾದರೆ 'ಟೈಗರ್ ಬೇಟ್!' (ನಮ್ಮ ಹುಲಿಗೆ ನೀವೇ ಎರೆ) ಅಂತ ಕೂಗುವ ಜನ ನಾವು. ಅಂಥ ಜಾಗದಲ್ಲಿ ಇಡೀ ಮ್ಯಾಚಿಗೆ ತಂಡ ಚೆಂಡನ್ನು ಮುಂದೆ ಸಾಗಿಸಿದ್ದು 92 ಗಜ! ಮೈದಾನದ ಅರ್ಧ ಗೆರೆ ದಾಟಿದ್ದು ಒಂದೇ ಸಲ.

ಚೆಂಡು ಎಸೆದು ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಜೆಫರ್ಸನ್‌ಗೆ ಅವತ್ತು ಏನೂ ಕೈಗೂಡಲಿಲ್ಲ. ಒಮ್ಮೆಯಂತೂ ಚೆಂಡನ್ನು ಸುಮ್ನೆ ಮುಂದಕ್ಕೆ ಎಸೆದ. ತನ್ನವನು ಆ ಕಡೆ ನೋಡುತ್ತಲೂ ಇರಲಿಲ್ಲ. ಅಲಬಾಮಾದ ಸಿ.ಜೆ. ಮೋಸ್ಲಿ ಆರಾಮಾಗಿ ಹಿಡಿದುಕೊಂಡ. ಸೀಸನ್‌ನ ಮೊದಲ ಭಾಗದಲ್ಲಿ ಗೆಲ್ಲಿಸುತ್ತಾ ಬಂದಿದ್ದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜ್ಯಾರೆಟ್ ಲೀ ಬೆಂಚಿನಲ್ಲೇ ಇದ್ದ. ಕೊನೆಯವರೆಗೂ ಇಳಿಸಲೇ ಇಲ್ಲ. ಕೋಚ್ ಲೆಸ್ ಮೈಲ್ಸ್ ಮೈದಾನದ ಹುಲ್ಲು ಕಿತ್ತು ಬಾಯಿಗೆ ಹಾಕಿಕೊಳ್ಳುವ ಆಸಾಮಿ. ಅದನ್ನೂ ಪ್ರೀತಿಯಿಂದಲೇ ನೋಡುತ್ತಿದ್ದೆವು. ಆದರೆ ಅವತ್ತಿನ ಹಟ ಮಾತ್ರ ನನಗಿನ್ನೂ ಅರ್ಥವಾಗಿಲ್ಲ. ಪತ್ರಿಕಾಗೋಷ್ಠಿಯಲ್ಲೇ, ಹಿಂದೆ ಕ್ವಾರ್ಟರ್‌ಬ್ಯಾಕ್ ಆಗಿದ್ದು ಆಮೇಲೆ ರೇಡಿಯೊ ಸೇರಿದ್ದ ಬಾಬಿ ಹೀಬರ್ಟ್ ಇದನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಅವರ ಮಗನೂ ಇದೇ ತಂಡದಲ್ಲಿದ್ದ.

ಇನ್ನೂ ಉರಿಯುವ ವಿಷಯ, ಅಲಬಾಮಾದ ಕೋಚ್ ನಿಕ್ ಸೇಬನ್. 2003ರ ಸೀಸನ್‌ನಲ್ಲಿ ಇದೇ ಸೂಪರ್‌ಡೋಮ್‌ನಲ್ಲಿ ಎಲ್‌ಎಸ್‌ಯುಗೆ ಕಪ್ ಗೆದ್ದುಕೊಟ್ಟಿದ್ದವರು ಅವರೇ!

ಈ ಗಲಾಟೆ ಆದ ವರ್ಷವೇ ನಾಲ್ಕು ತಂಡಗಳ ಪ್ಲೇಆಫ್‌ಗೆ ಒಪ್ಪಿಗೆ ಸಿಕ್ಕಿತು. 2024ರಿಂದ 12 ತಂಡ. ಒಳ್ಳೆಯದೇ ಆಯಿತು. ನಾವು ಮಾತ್ರ ಆ ಫೈನಲ್ ಸೇರಿ ಅಲಬಾಮಾಗೆ ಸತತ ಎಂಟು ಸಲ ಸೋತೆವು. ಕೊನೆಗೆ 2019ರ ನವೆಂಬರ್‌ನಲ್ಲಿ, ಕ್ವಾರ್ಟರ್‌ಬ್ಯಾಕ್ ಜೋ ಬರೋ ನಮ್ಮಲ್ಲಿದ್ದ ವರ್ಷ, ಟಸ್ಕಲೂಸಾದಲ್ಲೇ 46-41. ಆ ಸಲವೂ ಫೈನಲ್ ಸೂಪರ್‌ಡೋಮ್‌ನಲ್ಲೇ ಇತ್ತು. ಕ್ಲೆಮ್ಸನ್ ವಿರುದ್ಧ 42-25ರಿಂದ ಗೆದ್ದೆವು. ಅಲಬಾಮಾ ಆ ಸಲ ಪ್ಲೇಆಫ್‌ಗೇ ಬಂದಿರಲಿಲ್ಲ.